ಗಾಲಿಕುರ್ಚಿ ಗುರುತಿನ ಜಾಗ ಯಾರದು?

ದಾವಣಗೆರೆಯ ದೊಡ್ಡ ಆಸ್ಪತ್ರೆಗಳ ಅಂಗಳದಲ್ಲಿ, ಮಾಲ್‌ಗಳ ನೆಲಮಾಳಿಗೆಯಲ್ಲಿ, ಕೆಲವು ಕಚೇರಿಗಳ ಮುಂದೆ ನೆಲಕ್ಕೆ ಬಣ್ಣ ಬಳಿದು ಗಾಲಿಕುರ್ಚಿಯ ಚಿತ್ರ ಬರೆದ, ಅಂಗವಿಕಲರಿಗೆ ಮೀಸಲಾದ ಪಾರ್ಕಿಂಗ್ ಜಾಗಗಳು ಅಲ್ಲೊಂದು ಇಲ್ಲೊಂದು ಕಾಣುತ್ತವೆ. ಇರುವುದು ಒಂದೋ ಎರಡೋ, ಜಗಳ ಮಾತ್ರ ದಿನಾ. ಕಾರಿನಿಂದ ಇಳಿದವರು ತಮ್ಮ ಕಾಲ ಮೇಲೆ ನಡೆದು ಹೊರಟರೆ ಸಾಕು, “ಚೆನ್ನಾಗೇ ಓಡಾಡ್ತೀರಲ್ಲ ಸಾರ್, ಇಲ್ಯಾಕೆ ಹಚ್ಚಿದ್ರಿ ಗಾಡೀನ?” ಎಂದು ಸೆಕ್ಯೂರಿಟಿಯವರು ತಡೆಯುತ್ತಾರೆ. ಸುತ್ತ ನಿಂತವರೂ ದನಿಗೂಡಿಸುತ್ತಾರೆ. ಅದೇ ಜಾಗಕ್ಕೆ ಯಾರೋ ಪ್ರಭಾವಿಗಳ ದೊಡ್ಡ ಗಾಡಿ ಬಂದು ನಿಂತರೆ ಒಬ್ಬರೂ ತುಟಿ ಪಿಟಕ್ಕೆನ್ನುವುದಿಲ್ಲ.

ನಮ್ಮಲ್ಲಿ ಈ ವಾದ ನಡೆಯುತ್ತಿರುವುದು ಮುಖ ನೋಡಿ, ನಡಿಗೆ ನೋಡಿ. ಆ ಜಾಗವನ್ನು ಯಾವ ಕೆಲಸಕ್ಕೆಂದು ಬಿಟ್ಟಿದ್ದಾರೆ ಎಂಬುದನ್ನು ಮಾತ್ರ ಯಾರೂ ನೋಡುತ್ತಿಲ್ಲ. ಅದನ್ನು ತಿಳಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಸಾಮಾನ್ಯ ಕಾರಿಗೆ ಬಿಡುವ ಜಾಗದ ಅಗಲ ಸುಮಾರು 2.5 ಮೀಟರ್. ಕಾರಿನದೇ ಅಗಲ ಸುಮಾರು 1.7 ಮೀಟರ್. ಉಳಿಯುವುದು 80 ಸೆಂಟಿಮೀಟರ್. ಎರಡೂ ಬದಿಗೆ ಹಂಚಿದರೆ ತಲಾ 40. ಬಾಗಿಲನ್ನು ಅರ್ಧ ತೆರೆದು ಮೈ ಓರೆ ಮಾಡಿ ಇಳಿಯಬಲ್ಲವರಿಗೆ ಅಷ್ಟು ಸಾಕು. ಗಾಲಿಕುರ್ಚಿಯ ಅಗಲವೇ 65ರಿಂದ 70 ಸೆಂಟಿಮೀಟರ್ ಇರುತ್ತದೆ, ಅದು ಬಾಗಿಲ ಬಳಿಗೇ ಬರಲಾರದು. ಅದಕ್ಕೇ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲೂ ಕೇಂದ್ರ ಸರ್ಕಾರದ ಸುಗಮ್ಯತೆಯ ಮಾರ್ಗಸೂಚಿಯಲ್ಲೂ ಈ ಜಾಗದ ಅಗಲ ಕನಿಷ್ಠ 3.6 ಮೀಟರ್ ಇರಬೇಕೆಂದಿದೆ. ಕಟ್ಟಡದ ಬಾಗಿಲಿನಿಂದ 30 ಮೀಟರ್ ಒಳಗೇ ಇರಬೇಕು ಎಂದೂ ಇದೆ.

ಆ ಹೆಚ್ಚಿನ ಒಂದು ಮೀಟರ್ ಚಿಲ್ಲರೆ ಜಾಗದಲ್ಲಿ ಏನು ನಡೆಯುತ್ತದೆ ಎಂದು ಹತ್ತಿರದಿಂದ ನೋಡಬೇಕು. ಮೊದಲು ಕಾರಿನ ಬಾಗಿಲು ಪೂರ್ತಿ ತೆರೆಯಬೇಕು. ಕುರ್ಚಿಯನ್ನು ಸೀಟಿಗೆ ಓರೆಯಾಗಿ, ತಾಗುವಷ್ಟು ಹತ್ತಿರ ತಂದು ಎರಡೂ ಬ್ರೇಕ್ ಹಾಕಬೇಕು. ಸೀಟಿನ ಕಡೆಯ ಕೈಯಾಸರೆ ತೆಗೆದು, ಪಾದವಿಡುವ ಪಟ್ಟಿಗಳನ್ನು ಪಕ್ಕಕ್ಕೆ ತಿರುಗಿಸಬೇಕು. ಕುರ್ಚಿಗೂ ಸೀಟಿಗೂ ನಡುವೆ ನುಣುಪಾದ ಹಲಗೆಯಿಟ್ಟು ಜಾರಿಕೊಂಡು ದಾಟುವವರಿದ್ದಾರೆ. ಇನ್ನು ಕೆಲವರನ್ನು ಮನೆಯವರು ಎದುರಿಗೆ ನಿಂತು, ಮೊಣಕಾಲು ಬಗ್ಗಿಸಿ, ಸೊಂಟ ಹಿಡಿದು ಎತ್ತಬೇಕು. ಎತ್ತುವವರ ಪಾದಕ್ಕೂ ಜಾಗ ಬೇಕಲ್ಲ? ಪಕ್ಕದಲ್ಲಿ 1.2 ಮೀಟರ್ ಖಾಲಿ ಬೇಕು ಎನ್ನುವುದು ಇದಕ್ಕೇ. ಬೊಲೆರೊದಂಥ ಎತ್ತರದ ಗಾಡಿಯಾದರೆ ಕುರ್ಚಿಯ ಮಟ್ಟಕ್ಕಿಂತ ಸೀಟು ಬಹಳ ಮೇಲಿರುತ್ತದೆ, ಎತ್ತಲು ಇಬ್ಬರು ಬೇಕು, ಜಾಗ ಇನ್ನೂ ಹೆಚ್ಚು ಬೇಕು.

ಇಲ್ಲಿ ನೆಲ ಸಮತಟ್ಟಾಗಿರಲೇಬೇಕು. ಮಳೆನೀರು ಹರಿಯಲೆಂದು ಇಳಿಜಾರು ಹೆಚ್ಚಿಟ್ಟರೆ ಬ್ರೇಕ್ ಹಾಕಿದ್ದರೂ ಕುರ್ಚಿ ಜರುಗುತ್ತದೆ, ಮನುಷ್ಯ ಕಾರಿಗೂ ಕುರ್ಚಿಗೂ ನಡುವೆ ಬೀಳುತ್ತಾನೆ. ಇಂಟರ್‌ಲಾಕ್ ಕಲ್ಲು ಅಲ್ಲಲ್ಲಿ ಕುಸಿದಿದ್ದರೆ ಮುಂದಿನ ಚಿಕ್ಕ ಚಕ್ರಗಳು ಸಿಕ್ಕಿಕೊಳ್ಳುತ್ತವೆ. ಚರಂಡಿಯ ಜಾಲರಿಯ ಸಂದಿ ಚಕ್ರ ಹೋಗುವ ದಿಕ್ಕಿಗೇ ಇದ್ದರೂ ಹಾಗೇ.

ಹಾಗಾಗಿ ಈ ಜಾಗ ಎರಡು ಬೇರೆ ಬೇರೆ ತೊಂದರೆಗೆ ಪರಿಹಾರ. ಒಂದು ಅಗಲ, ಇನ್ನೊಂದು ದೂರ. ಗಾಲಿಕುರ್ಚಿ, ಊರುಗೋಲು, ಕ್ಯಾಲಿಪರ್ (ಕಾಲಿಗೆ ಕಟ್ಟುವ ಆಧಾರಪಟ್ಟಿ) ಬಳಸುವವರಿಗೆ ಅಗಲ ಬೇಕೇ ಬೇಕು. ಕ್ಯಾಲಿಪರ್ ಹಾಕಿದ ಕಾಲು ಮೊಣಕಾಲಿನ ಲಾಕ್ ಬಿಚ್ಚುವ ತನಕ ಬಗ್ಗುವುದಿಲ್ಲ, ನೇರ ಕಾಲನ್ನು ಹೊರಗೆ ಚಾಚಲು ಬಾಗಿಲು ಪೂರ್ತಿ ತೆರೆಯಲೇಬೇಕು. ಹೃದಯದ ಪಂಪು ಸೋತವರಿಗೆ, ಶ್ವಾಸಕೋಶದ ಕಾಯಿಲೆಯವರಿಗೆ ಅಗಲದ ಗೊಡವೆಯಿಲ್ಲ, ದೂರ ಕಡಿಮೆಯಿದ್ದರೆ ಸಾಕು. ಎರಡನ್ನೂ ಒಂದೇ ಚಿತ್ರದ ಕೆಳಗೆ ತುಂಬಿದ್ದರಿಂದ ಯಾರು ಅರ್ಹರು ಎಂಬ ಪ್ರಶ್ನೆ ಗೋಜಲಾಗಿದೆ. ಎರಡೇ ಜಾಗ ಇರುವ ಕಡೆ ಅಗಲವಾದದ್ದನ್ನು ಕುರ್ಚಿಯವರಿಗೇ ಮೀಸಲಿಟ್ಟು, ಬಾಗಿಲ ಪಕ್ಕದ ಮಾಮೂಲಿ ಅಗಲದ ಒಂದೆರಡು ಜಾಗಗಳನ್ನು ನಡೆಯಲಾರದವರಿಗೆ ಬೇರೆಯಾಗಿ ಗುರುತಿಸುವುದು ನ್ಯಾಯ. ಅಮೆರಿಕದ ನಿಯಮದಲ್ಲಿ ಇಂಥ ವಿಂಗಡಣೆ ಇದೆ: ಆರು ಮೀಸಲು ಜಾಗಕ್ಕೆ ಒಂದಾದರೂ ಗಾಲಿಕುರ್ಚಿ ಇಳಿಸುವ ವ್ಯಾನಿಗೆ ಸಾಲುವಷ್ಟು ದೊಡ್ಡದಿರಬೇಕು.

ಹಾಗಾದರೆ ಅರ್ಹತೆಗೆ ಕಾಗದ ಯಾವುದು? ನಮ್ಮ ದೇಶದಲ್ಲಿ ಎಲ್ಲೆಡೆ ನಡೆಯುವಂಥ ಪಾರ್ಕಿಂಗ್ ಪರವಾನಗಿ ಎಂಬುದೇ ಇಲ್ಲ. ಇರುವುದು ಯುಡಿಐಡಿ ಕಾರ್ಡು, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ. ಸ್ವಾವಲಂಬನ್ ಪೋರ್ಟಲಿನಲ್ಲಿ ಅರ್ಜಿ ಹಾಕಿ, ಆಸ್ಪತ್ರೆಯಲ್ಲಿ ವೈದ್ಯರ ಪರೀಕ್ಷೆ ಮುಗಿದ ಮೇಲೆ ಬರುತ್ತದೆ. ವೈಕಲ್ಯ ಶೇ. 40ಕ್ಕಿಂತ ಕಡಿಮೆಯಿದ್ದರೆ ಬಿಳಿ, 40ರಿಂದ 80ರ ಒಳಗೆ ಹಳದಿ, 80 ಮತ್ತು ಮೇಲಿದ್ದರೆ ನೀಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳ ಪಟ್ಟಿಯಿದೆ. ಮೊದಲಿನ 1995ರ ಕಾಯ್ದೆಯಲ್ಲಿ ಇದ್ದದ್ದು ಏಳೇ.

“ಕಾರ್ಡ್ ತೋರ್ಸಿ, ನಿಲ್ಸಿ” ಎಂದುಬಿಟ್ಟರೆ ಮುಗಿಯಿತಲ್ಲ ಎಂದು ಹಲವರು ಹೇಳುತ್ತಾರೆ. ಮುಗಿಯುವುದಿಲ್ಲ. ಆ ಶೇಕಡಾವಾರು ಲೆಕ್ಕ ಹಾಕುವುದು ಅಂಗದ ಅಥವಾ ಇಂದ್ರಿಯದ ಶಕ್ತಿ ಎಷ್ಟು ಕುಂದಿದೆ ಎಂದು. ಮನುಷ್ಯ ಎಷ್ಟು ದೂರ ನಡೆಯಬಲ್ಲ ಎಂದು ಅದು ಹೇಳುವುದಿಲ್ಲ. ಪೂರ್ತಿ ಕಿವಿ ಕೇಳದವರ ಕಾರ್ಡಿನಲ್ಲಿ ದೊಡ್ಡ ಅಂಕಿಯೇ ಇರಬಹುದು, ಆದರೆ 3.6 ಮೀಟರ್ ಅಗಲ ಅವರಿಗೆ ಯಾವ ಉಪಯೋಗಕ್ಕೂ ಬಾರದು. ಅವರಿಗೆ ಬೇಕಾದ ಸೌಲಭ್ಯಗಳೇ ಬೇರೆ. ಇತ್ತ ಮೂತ್ರಪಿಂಡ ಕೆಟ್ಟವರು, ಹೃದಯ ಸೋತವರು ಆ 21ರ ಪಟ್ಟಿಯಲ್ಲೇ ಇಲ್ಲ, ಅವರಿಗೆ ಕಾರ್ಡೇ ಸಿಗುವುದಿಲ್ಲ. ಕಾಲು ಮುರಿದು ಮೂರು ತಿಂಗಳು ಪ್ಲಾಸ್ಟರಿನಲ್ಲಿರುವವರಿಗೂ ಸಿಗುವುದಿಲ್ಲ. ಹೀಗೆ ಕಾರ್ಡಿದ್ದೂ ಜಾಗ ಬೇಡವಾದವರಿದ್ದಾರೆ, ಜಾಗ ಬೇಕಾಗಿದ್ದೂ ಕಾರ್ಡಿಲ್ಲದವರಿದ್ದಾರೆ.

ಇನ್ನು ಕಣ್ಣಳತೆಯ ಮಾತು. ನಡಿಗೆ ನೋಡಿ ತೀರ್ಪು ಕೊಡುವವರು ಡಯಾಲಿಸಿಸ್ ಘಟಕದ ಬಾಗಿಲಲ್ಲಿ ಒಂದು ಮಧ್ಯಾಹ್ನ ನಿಲ್ಲಬೇಕು. ಬೆಳಗ್ಗೆ ಕೈಬೀಸಿಕೊಂಡು ಒಳಗೆ ಹೋದವರು ನಾಲ್ಕು ತಾಸು ಕಳೆದು ಹೊರಬರುವಾಗ ಗೋಡೆ ಹಿಡಿಯುತ್ತಾರೆ. ಮೈಯಿಂದ ನೀರು ತೆಗೆದದ್ದಕ್ಕೆ ರಕ್ತದೊತ್ತಡ ಇಳಿದಿರುತ್ತದೆ, ಮೀನಖಂಡ ಹಿಡಿದಿರುತ್ತದೆ. ಗೇಟಿನವರು ನೋಡಿದ್ದು ಬರುವಾಗಿನ ನಡಿಗೆಯನ್ನು ಮಾತ್ರ. ಪಾರ್ಕಿನ್ಸನ್ ಇರುವವರು ಮಾತ್ರೆಯ ಪ್ರಭಾವ ಇರುವಷ್ಟು ಹೊತ್ತು ಸಲೀಸಾಗಿ ನಡೆದು, ಅದು ಇಳಿಯುತ್ತಿದ್ದಂತೆ ಬಾಗಿಲ ಹೊಸ್ತಿಲಲ್ಲೇ ಕಾಲು ಕಿತ್ತಿಡಲಾಗದೆ ನಿಂತುಬಿಡುತ್ತಾರೆ. ಪ್ಯಾಂಟಿನೊಳಗೆ ಕೃತಕ ಕಾಲು ಇರುವವರದು ನೋಡಲು ಬಲು ಸರಿಯಾದ ನಡಿಗೆ; ಆದರೆ ಪ್ರತಿ ಹೆಜ್ಜೆಗೂ ಬೇರೆಯವರಿಗಿಂತ ಹೆಚ್ಚು ಶ್ರಮ, ಉಳಿದ ಕಾಲು ಕೂರುವ ಗೂಡಿನೊಳಗೆ (ಸಾಕೆಟ್ಟು) ಬೆವರಿ ಚರ್ಮ ಉಜ್ಜಿದರೆ ಮರುದಿನ ಕಾಲು ಹಾಕಿಕೊಳ್ಳಲೇ ಆಗದು. ಏಪ್ರಿಲ್–ಮೇ ತಿಂಗಳ ನಮ್ಮೂರ ಬಿಸಿಲಿನಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ ಇರುವವರ ಕಾಲಿನ ಬಲ ತಾಸೊಪ್ಪತ್ತಿನಲ್ಲಿ ಕುಸಿಯುತ್ತದೆ. ಆಟಿಸಂ ಇರುವ ಮಗು ಕೈ ಕೊಸರಿಕೊಂಡು ಗಾಡಿಗಳ ನಡುವೆ ಓಡುವ ಅಪಾಯವಿರುವಾಗ ಬಾಗಿಲಿಗೆ ಹತ್ತಿರವಿರುವುದೇ ಆ ತಾಯಿಗೆ ದೊಡ್ಡ ಆಸರೆ.

ಇಂಗ್ಲೆಂಡಿನಲ್ಲೂ ಇದೇ ವಾದ ದಶಕಗಟ್ಟಲೆ ನಡೆಯಿತು. ಅಲ್ಲಿ 1971ರಿಂದ ಕಿತ್ತಳೆ ಬಣ್ಣದ, 2000ದಿಂದ ನೀಲಿ ಬಣ್ಣದ ಪಾರ್ಕಿಂಗ್ ಬ್ಯಾಡ್ಜು ಕೊಡುತ್ತಾರೆ. ಕಣ್ಣಿಗೆ ಕಾಣದ ವೈಕಲ್ಯಗಳಿಗೂ ಅದು ಸ್ಪಷ್ಟವಾಗಿ ಸಿಗುವಂತಾದದ್ದು 2019ರ ಆಗಸ್ಟ್ 30ರಿಂದ. ಅಲ್ಲಿಂದ ನಾವು ಕಲಿಯಬೇಕಾದ ಒಂದು ಸಂಗತಿಯಿದೆ: ಬ್ಯಾಡ್ಜು ಮನುಷ್ಯನ ಹೆಸರಿಗೆ ಸಿಗುತ್ತದೆ, ಕಾರಿನ ಹೆಸರಿಗಲ್ಲ. ಯಾರ ಕಾರಿನಲ್ಲಿ ಹೋದರೂ ಜೊತೆಗೆ ಒಯ್ಯಬಹುದು. ಅವರು ಜೊತೆಗಿಲ್ಲದೆ ಮಗನೋ ಅಳಿಯನೋ ಇಟ್ಟುಕೊಂಡು ಹೋದರೆ ಅದು ಅಪರಾಧ.

ನಮ್ಮಲ್ಲಿ ಬಹಳಷ್ಟು ಸವಲತ್ತು ಗಾಡಿಗೆ ಅಂಟಿಕೊಂಡಿದೆ. ರಾಷ್ಟ್ರೀಯ ಹೆದ್ದಾರಿಯ 2008ರ ಶುಲ್ಕ ನಿಯಮಗಳಲ್ಲಿ ಟೋಲ್ ವಿನಾಯಿತಿ ಇರುವುದು ಅಂಗವಿಕಲರ ಬಳಕೆಗೆಂದೇ ರೂಪಿಸಿದ ವಾಹನಕ್ಕೆ. ಕೈಯಲ್ಲೇ ಬ್ರೇಕು, ಆಕ್ಸಿಲರೇಟರ್ ಹಾಕಿಸಿಕೊಂಡು ತಾವೇ ಓಡಿಸುವವರಿಗೆ ಅದು ಸರಿ. ಆದರೆ ದಾವಣಗೆರೆಯ ಆಸ್ಪತ್ರೆಗಳಿಗೆ ಬರುವವರು ಯಾರೆಂದು ನೋಡಿ. ಜಗಳೂರು, ಚನ್ನಗಿರಿ, ಹರಪನಹಳ್ಳಿ, ಹೊಳಲ್ಕೆರೆ ಕಡೆಯಿಂದ ಲಕ್ವ ಹೊಡೆದ ಅಜ್ಜನನ್ನು ಪಕ್ಕದ ಮನೆಯವರ ಕಾರಿನಲ್ಲೋ ಬಾಡಿಗೆ ಗಾಡಿಯಲ್ಲೋ ಕರೆತರುತ್ತಾರೆ. ಆ ಗಾಡಿಯ ಮೇಲೆ ಯಾವ ಗುರುತೂ ಇರುವುದಿಲ್ಲ. ಅತ್ತ ಸ್ಟಿಕ್ಕರ್ ಅಂಗಡಿಯಲ್ಲಿ ಗಾಲಿಕುರ್ಚಿಯ ಚಿತ್ರವನ್ನು ಯಾರು ಬೇಕಾದರೂ ಕೊಂಡು ಹಿಂದಿನ ಗಾಜಿಗೆ ಅಂಟಿಸಬಹುದು. ಅದಕ್ಕೆ ಕಾನೂನಿನಲ್ಲಿ ಕಿಂಚಿತ್ತೂ ಬೆಲೆಯಿಲ್ಲ. ಸ್ಟಿಕ್ಕರ್ ನೋಡಿ ಬಿಡುವ, ಇಲ್ಲದಿದ್ದರೆ ತಡೆಯುವ ಪದ್ಧತಿ ಅಜ್ಜನನ್ನು ಹೊರಗಿಟ್ಟು ಅಂಗಡಿಗೆ ಹೋಗಿಬಂದವನನ್ನು ಒಳಗೆ ಬಿಟ್ಟುಕೊಳ್ಳುತ್ತದೆ.

ನನ್ನ ಮಟ್ಟಿಗೆ ನಿಯಮ ಒಂದೇ ಸಾಕು: ಈ ಸಲ, ಈ ಗಾಡಿಯಿಂದ, ಅಗಲವೋ ಹತ್ತಿರವೋ ಬೇಕಾದ ವ್ಯಕ್ತಿ ಇಳಿಯುತ್ತಿದ್ದಾರೆಯೇ ಅಥವಾ ಹತ್ತುತ್ತಿದ್ದಾರೆಯೇ? ಹೌದಾದರೆ ಜಾಗ ಅವರದು. ಮನೆಯವರ ಕಾರ್ಡು ಜೇಬಿನಲ್ಲಿಟ್ಟುಕೊಂಡು ಒಬ್ಬರೇ ಬಂದರೆ ಅಲ್ಲ. ಅಂಗವಿಕಲರು ಕಾರಿನಲ್ಲೇ ಕೂತಿದ್ದು, ಬೇರೆಯವರು ಔಷಧಿ ತರಲು ಹೋಗುವುದಾದರೂ ಅಲ್ಲ. ಆಗ ಮಾಮೂಲಿ ಜಾಗವೇ ಸಾಕು. ಅಂಗವಿಕಲರಿಗಿರುವ ಸವಲತ್ತನ್ನು ಮೋಸದಿಂದ ಪಡೆದರೆ, ಪಡೆಯಲು ಯತ್ನಿಸಿದರೆ 2016ರ ಕಾಯ್ದೆಯ 91ನೇ ಕಲಮಿನಡಿ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಅದೇ ಕಾಯ್ದೆಯ 92ನೇ ಕಲಮನ್ನೂ ಗೇಟಿನಲ್ಲಿ ನಿಂತು ಕೂಗಾಡುವವರು ತಿಳಿದಿರಬೇಕು: ಸಾರ್ವಜನಿಕರ ಕಣ್ಣೆದುರು ಅಂಗವಿಕಲರನ್ನು ಅವಮಾನಿಸಲೆಂದೇ ಬೈದರೆ, ಬೆದರಿಸಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು ಮತ್ತು ದಂಡ.

ಆಸ್ಪತ್ರೆಗಳು ಸರ್ಕಾರಕ್ಕೆ ಕಾಯದೆ ತಾವೇ ಮಾಡಬಹುದಾದ ಕೆಲಸವೊಂದಿದೆ. ಡಯಾಲಿಸಿಸ್, ಫಿಸಿಯೋಥೆರಪಿ, ಮೂಳೆ ವಿಭಾಗ, ಹೃದಯ ವಿಭಾಗ, ಕೀಮೋ ವಾರ್ಡು ಇಷ್ಟು ಕಡೆ ಚೀಟಿಪುಸ್ತಕ ಇಟ್ಟರೆ ಸಾಕು. ರೋಗಿಯನ್ನು ಬಲ್ಲ ನರ್ಸಮ್ಮನೇ ಬರೆದುಕೊಡಬಹುದು. ಚೀಟಿಯಲ್ಲಿ ಕಾಯಿಲೆಯ ಹೆಸರು ಬೇಡ, ಗಾಡಿ ನಂಬರೂ ಬೇಡ, ಯಾಕೆಂದರೆ ಮುಂದಿನ ಸಲ ಬರುವ ಗಾಡಿ ಬೇರೆಯಾಗಿರಬಹುದು. ಬೇಕಾದದ್ದು ವಿಭಾಗದ ಮೊಹರು, ಕ್ರಮಸಂಖ್ಯೆ, ಯಾವ ತಾರೀಕಿನವರೆಗೆ ಎಂದು ದಪ್ಪಕ್ಷರದಲ್ಲಿ, ಮತ್ತು “ಅಗಲ” ಅಥವಾ “ಹತ್ತಿರ” ಎಂಬ ಎರಡರಲ್ಲಿ ಒಂದಕ್ಕೆ ಗುರುತು. ಜ್ವರ ಬಂದು ನಿತ್ರಾಣವಾದವರಿಗೆ ಒಂದು ದಿನ, ಪ್ಲಾಸ್ಟರ್ ಹಾಕಿದವರಿಗೆ ಪ್ಲಾಸ್ಟರ್ ಬಿಚ್ಚುವ ದಿನದವರೆಗೆ, ವಾರಕ್ಕೆರಡು ಮೂರು ಸಲ ಡಯಾಲಿಸಿಸ್‌ಗೆ ಬರುವವರಿಗೆ ಮೂರು ತಿಂಗಳು. ಜೆರಾಕ್ಸ್ ಹಾವಳಿ ತಪ್ಪಿಸಲು ಕಾಗದದ ಬಣ್ಣವನ್ನು ತಿಂಗಳಿಗೊಮ್ಮೆ ಬದಲಿಸಬಹುದು. ಆಗ ಮೂರು ತಿಂಗಳಿನವರು ತಿಂಗಳಿಗೊಮ್ಮೆ ಹೊಸ ಚೀಟಿ ಪಡೆಯಬೇಕಾಗುತ್ತದೆ, ಅಷ್ಟು ತೊಂದರೆ ಇದ್ದದ್ದೇ. ಯುಡಿಐಡಿ ಕಾರ್ಡಿನಲ್ಲಿ ಚಲನವೈಕಲ್ಯ ಎಂದಿರುವವರಿಗೆ ಚೀಟಿಯೇ ಬೇಡ.

ಇನ್ನು ಮೊದಲ ಸಲ ಬರುವವರು. ಅವರ ಕೈಯಲ್ಲಿ ಚೀಟಿ ಇರುವುದಿಲ್ಲ. ಅಲ್ಲಿ ಗೇಟಿನವರು ಕೇಳಬೇಕಾದ್ದು “ನಿಮಗೇನಾಗಿದೆ?” ಎಂದಲ್ಲ, “ಇಳಿಯೋರು ಯಾರು ಸಾರ್, ವೀಲ್‌ಚೇರ್ ತರ್ಲಾ?” ಎಂದು. ನಿಜವಾಗಿ ಬೇಕಾದವರಿಗೆ ಇದು ಸಹಾಯದ ಮಾತು. ಸುಮ್ಮನೆ ಬಂದವರು ಇದಕ್ಕೆ ಉತ್ತರ ಹುಡುಕುತ್ತಾ ಗಾಡಿ ಮುಂದಕ್ಕೆ ತೆಗೆಯುತ್ತಾರೆ.

ಇಷ್ಟೆಲ್ಲ ಅರ್ಹತೆಯ ವಾದ ಮಾಡಿದರೂ, ಈ ಜಾಗಗಳನ್ನು ಹಾಳು ಮಾಡುತ್ತಿರುವುದು ಸುಳ್ಳು ಅಂಗವಿಕಲರಲ್ಲ. “ಐದು ನಿಮಿಷ ಅಣ್ಣ, ಈಗ ಬಂದ್ಬಿಟ್ಟೆ” ಎನ್ನುವವರು, ಕುರ್ಚಿಗೆಂದು ಪಕ್ಕದಲ್ಲಿ ಖಾಲಿ ಬಿಟ್ಟ ಗೆರೆಹಾಕಿದ ಪಟ್ಟಿಯಲ್ಲಿ ಸಾಲಾಗಿ ನುಗ್ಗುವ ಬೈಕುಗಳು, ಹೂಕುಂಡ, ಜನರೇಟರು, ನೀರಿನ ಕ್ಯಾನು, ಸಂಸ್ಥೆಯದೇ ಮೇಲಧಿಕಾರಿಯ ಕಾರು. ಬೈಕುಗಳು ಮಾಡುವ ಕೇಡು ಹೊರಗಿನವರಿಗೆ ತಿಳಿಯುವುದಿಲ್ಲ. ಕೈಯಿಂದಲೇ ಕಾರು ಓಡಿಸುವವರು ಕೆಲಸ ಮುಗಿಸಿ ಕುರ್ಚಿಯಲ್ಲಿ ವಾಪಸು ಬಂದಾಗ ಆ ಪಟ್ಟಿಯಲ್ಲಿ ನಾಲ್ಕು ಬೈಕು ನಿಂತಿದ್ದರೆ ಅವರು ತಮ್ಮ ಕಾರನ್ನು ಹತ್ತುವ ಹಾಗೇ ಇಲ್ಲ. ಕೀಲಿ ಕೊಟ್ಟು ಬೇರೆಯವರಿಂದ ಕಾರು ಹೊರಗೆ ತೆಗೆಸೋಣವೆಂದರೆ, ಕೈಯಿಂದ ನಡೆಸುವ ಆ ಸನ್ನೆಕೋಲು ನೋಡಿ ಅವರು ಹಿಂಜರಿಯುತ್ತಾರೆ. ಗುರುತನ್ನು ನೆಲದ ಮೇಲೆ ಮಾತ್ರ ಬರೆಯುವುದು ಇನ್ನೊಂದು ತಪ್ಪು. ಒಂದು ಗಾಡಿ ನಿಂತರೆ ಚಿತ್ರ ಮುಚ್ಚಿಹೋಯಿತು. ಗಾಡಿ ನಿಂತರೂ ಕಾಣುವ ಎತ್ತರಕ್ಕೆ ಕಂಬದ ಮೇಲೆ ಫಲಕ ಬೇಕು. ಪಟ್ಟಿಯ ಬಾಯಿಗೆ ಬೈಕು ನುಗ್ಗದಂತೆ ಆದರೆ ಕುರ್ಚಿ ದಾಟುವಂತೆ 90 ಸೆಂಟಿಮೀಟರ್ ಬಿಟ್ಟು ಗೂಟ ನೆಡಬೇಕು ಎಂಬ ಸಲಹೆ ಕೆಲವರದು. 90ರಲ್ಲಿ ಬೈಕೂ ನುಗ್ಗುತ್ತದೆ. ಗೂಟಕ್ಕಿಂತ ಬೈಕಿಗೆ ಬೇರೆ ಜಾಗ ತೋರಿಸುವುದೇ ಫಲ ಕೊಡುವ ಉಪಾಯ.

ಜಾಗದಿಂದ ಬಾಗಿಲವರೆಗಿನ ದಾರಿಯೂ ಜಾಗದ ಭಾಗವೇ. ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು. ಮೂರು ಮೆಟ್ಟಿಲು ಸೇರಿ 45 ಸೆಂಟಿಮೀಟರ್ ಎತ್ತರವಿದ್ದರೆ ರ‍್ಯಾಂಪಿನ ಉದ್ದ 5.4 ಮೀಟರ್ ಆಗಬೇಕು. ಜಾಗ ಉಳಿಸಲೆಂದು ಅದನ್ನು ಎರಡು ಮೀಟರಿಗೆ ಮುಗಿಸಿದರೆ ಅದು ಬೈಕು ಹತ್ತಿಸುವ ಜಾರುಬಂಡೆ, ರ‍್ಯಾಂಪ್ ಅಲ್ಲ. ಹಲವು ಕಡೆ ರ‍್ಯಾಂಪಿನ ಬಾಯಿ ನಿಂತ ಕಾರುಗಳ ಹಿಂದೆ ಸಿಕ್ಕಿಕೊಂಡಿರುತ್ತದೆ.

ದಾವಣಗೆರೆ, ಚಿತ್ರದುರ್ಗದಂಥ ಊರುಗಳಲ್ಲಿ ಕಾರಿಗಿಂತ ದೊಡ್ಡ ಪ್ರಶ್ನೆ ಪಕ್ಕಚಕ್ರದ ಸ್ಕೂಟರಿನದು. ಪೋಲಿಯೊ ಆದವರ ಪೀಳಿಗೆ ಇನ್ನೂ ದುಡಿಯುವ ವಯಸ್ಸಿನಲ್ಲಿದೆ. ದೇಶದಲ್ಲಿ ಸಹಜ ಪೋಲಿಯೊ ವೈರಸ್ಸಿನ ಕೊನೆಯ ಪ್ರಕರಣ ವರದಿಯಾದದ್ದು 2011ರ ಜನವರಿಯಲ್ಲಿ. ಅವರಲ್ಲಿ ಬಹಳಷ್ಟು ಮಂದಿ ಓಡಾಡುವುದು ಸರ್ಕಾರ ಕೊಟ್ಟ ಅಥವಾ ತಾವೇ ಚಕ್ರ ಹಾಕಿಸಿಕೊಂಡ ಸ್ಕೂಟರಿನಲ್ಲಿ. ಮಾಮೂಲಿ ಸ್ಕೂಟರಿನ ಒಂದೂವರೆಯಷ್ಟು ಅಗಲ ಅದಕ್ಕೆ ಬೇಕು, ಮಗ್ಗುಲಿನಲ್ಲಿ ಊರುಗೋಲು ಊರಿ ಇಳಿಯಲು ಇನ್ನಷ್ಟು. ಮುಖ್ಯವಾದ ಮಾತೆಂದರೆ ಅದಕ್ಕೆ ರಿವರ್ಸ್ ಗೇರ್ ಇಲ್ಲ, ಬೇರೆಯಾಗಿ ಹಾಕಿಸಿದ್ದರೆ ಮಾತ್ರ ಉಂಟು. ನಾವಾದರೆ ಇಳಿದು ಹಿಂದಕ್ಕೆ ಎಳೆಯುತ್ತೇವೆ. ಅವರು ಎಳೆಯಲಾರರು. ಗೋಡೆಗೆ ಮುಖ ಮಾಡಿ ನಿಲ್ಲಿಸಿದರೆ ಇನ್ನೊಬ್ಬರನ್ನು ಕರೆಯದೆ ಹೊರಬರುವಂತಿಲ್ಲ. ಆದ್ದರಿಂದ ಅವರಿಗೆ ಬೇಕಾದದ್ದು ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೊರಡುವ ಜಾಗ, ಸಾಲಿನ ತುದಿಯಲ್ಲಿ. ಮಂಡಿಪೇಟೆ, ಚೌಕಿಪೇಟೆಯ ಇಕ್ಕಟ್ಟಿನಲ್ಲಿ ಕಾರಿಗೆ 3.6 ಮೀಟರ್ ಕೇಳುವುದು ಕಷ್ಟವಿರಬಹುದು, ಪ್ರತಿ ಬೀದಿಯ ಮೂಲೆಯಲ್ಲಿ ಇಂಥ ಎರಡು ಸ್ಕೂಟರಿಗೆ ಗೆರೆ ಎಳೆಯುವುದು ಕಷ್ಟವಲ್ಲ. ಟೋಯಿಂಗ್ ಮಾಡುವವರಿಗೂ ಇದನ್ನು ಹೇಳಿಕೊಡಬೇಕು. ಆ ಸ್ಕೂಟರನ್ನು ಹೊತ್ತೊಯ್ದರೆ ಹಿಂದೆ ಉಳಿದವರಿಗೆ ಠಾಣೆಯವರೆಗೆ ಹೋಗುವ ಕಾಲೂ ಅದೇ ಆಗಿರುತ್ತದೆ.

ಕಾನೂನಿನ ಬಲ ಎಲ್ಲಿದೆ ಎಂದರೆ: ಸಾರ್ವಜನಿಕರು ಬಳಸುವ ಖಾಸಗಿ ಕಟ್ಟಡವೂ 2016ರ ಕಾಯ್ದೆಯ ಪ್ರಕಾರ ಸಾರ್ವಜನಿಕ ಕಟ್ಟಡವೇ. ನಿಯಮ ಪಾಲಿಸದ ನಕ್ಷೆಗೆ ಅನುಮತಿ ಕೊಡಬಾರದು ಎನ್ನುತ್ತದೆ 44ನೇ ಕಲಮು. ಹಳೆಯ ಸಾರ್ವಜನಿಕ ಕಟ್ಟಡಗಳಿಗೆ 45ನೇ ಕಲಮು ಕೊಟ್ಟ ಐದು ವರ್ಷದ ಗಡುವು 2022ಕ್ಕೇ ಮುಗಿದಿದೆ. ಉಲ್ಲಂಘನೆಗೆ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಮಾಡಿದರೆ 50,000ದಿಂದ 5 ಲಕ್ಷದವರೆಗೆ ದಂಡ. ಮಾರ್ಗಸೂಚಿ ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯ ನಿಯಮ ಬೇಕೆಂದು ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ರಾಜೀವ್ ರಾತೂರಿ ಪ್ರಕರಣದಲ್ಲಿ ಹೇಳಿದೆ. ರಸ್ತೆಬದಿಯ ಜಾಗದ ವಿಷಯ ಬೇರೆ: ಮೋಟಾರು ವಾಹನ ಕಾಯ್ದೆಯ 117ನೇ ಕಲಮಿನಡಿ ಅಧಿಕಾರವಿರುವವರು ಅದನ್ನು ಗೊತ್ತುಪಡಿಸಬೇಕು. ಆದೇಶವಿಲ್ಲದೆ ಬರೀ ಬಣ್ಣ ಬಳಿದಿದ್ದರೆ ಪೊಲೀಸರು ದಂಡ ಹಾಕಲು ಹಿಂಜರಿಯುತ್ತಾರೆ.

ದೂರು ಕೊಡುವವರು ಅಳತೆ ಟೇಪು ಹಿಡಿದೇ ಹೋಗಬೇಕು. ಅಗಲ ಎಷ್ಟು, ಬಾಗಿಲಿಗೆ ಎಷ್ಟು ದೂರ, ರ‍್ಯಾಂಪಿನ ಎತ್ತರ–ಉದ್ದ ಎಷ್ಟು, ಟೇಪು ಕಾಣುವಂತೆ ಫೋಟೊ, ತಾರೀಕು. “ಅಂಗವಿಕಲರಿಗೆ ಅನ್ಯಾಯವಾಗುತ್ತಿದೆ” ಎಂಬ ಅರ್ಜಿ ಫೈಲಿನಲ್ಲಿ ಮಲಗುತ್ತದೆ, “3.6 ಇರಬೇಕಾದಲ್ಲಿ 2.4 ಇದೆ” ಎಂಬ ಅರ್ಜಿಗೆ ಎಂಜಿನಿಯರ್ ಉತ್ತರ ಬರೆಯಲೇಬೇಕು. ಮೊದಲು ಮಹಾನಗರ ಪಾಲಿಕೆಯ ಆಯುಕ್ತರಿಗೆ, ಪ್ರತಿಯನ್ನು ವಿಕಲಚೇತನರ ಇಲಾಖೆಯ ಜಿಲ್ಲಾ ಕಚೇರಿಗೆ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. 1902ಕ್ಕೆ ಕರೆ ಮಾಡಿ ರಾಜ್ಯ ಸರ್ಕಾರದ ದೂರು ವ್ಯವಸ್ಥೆಯಾದ ಜನಸ್ಪಂದನದಲ್ಲೂ ದಾಖಲಿಸಬಹುದು. ಅಲ್ಲಿಗೂ ಆಗದಿದ್ದರೆ ಬೆಂಗಳೂರಿನಲ್ಲಿರುವ ಅಂಗವಿಕಲರ ರಾಜ್ಯ ಆಯುಕ್ತರು. ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ವಿಷಯದಲ್ಲಿ ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಅರ್ಜಿಯಲ್ಲಿ ಕಾರಿನ ಜಾಗದ ಜೊತೆಗೆ ಪಕ್ಕಚಕ್ರದ ಸ್ಕೂಟರಿನ ಜಾಗವನ್ನೂ, ಕಂಬದ ಫಲಕವನ್ನೂ, ಬಾಗಿಲವರೆಗಿನ ದಾರಿಯನ್ನೂ ಬೇರೆ ಬೇರೆ ಕ್ರಮಸಂಖ್ಯೆ ಹಾಕಿ ಕೇಳಿ. ಒಂದೇ ಸಾಲಿನಲ್ಲಿ ಸೇರಿಸಿ ಬರೆದರೆ ನೆಲಕ್ಕೆ ಬಣ್ಣ ಬಳಿದು “ಕ್ರಮ ಕೈಗೊಳ್ಳಲಾಗಿದೆ” ಎಂದು ಹಿಂಬರಹ ಕೊಟ್ಟುಬಿಡುತ್ತಾರೆ.